ಐಯುಸಿಎನ್ ರೆಡ್ ಲಿಸ್ಟ್ ಜಾಲತಾಣ: ಬಣ್ಣ ನೋಡಿ ನಿಲ್ಲಬೇಡಿ, ಕೋಡ್ ಓದಿ

ಅಪಾಯದಲ್ಲಿರುವ ಪ್ರಾಣಿಗಳ ಬಗ್ಗೆ ಪತ್ರಿಕೆಗೆ ಬರೆಯುವವರು, ಶಾಲೆಯಲ್ಲಿ ಪಾಠ ಮಾಡುವವರು, ಅಣೆಕಟ್ಟೆಗೋ ಹೆದ್ದಾರಿಗೋ ಆಕ್ಷೇಪಣೆ ಸಲ್ಲಿಸುವವರು, ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ನಡೆಸುವ ರೆಡ್ ಲಿಸ್ಟ್ ಜಾಲತಾಣದ ಮುಂದೆ. 1964ರಲ್ಲಿ ಶುರುವಾದ ಈ ಪಟ್ಟಿಯಲ್ಲಿ ಈಗ 1,60,000ಕ್ಕೂ ಹೆಚ್ಚು ಪ್ರಭೇದಗಳ ಮೌಲ್ಯಮಾಪನ ಇದೆ. ಅವುಗಳಲ್ಲಿ 45,000ಕ್ಕೂ ಹೆಚ್ಚು ಅಪಾಯದ ಮೂರು ವರ್ಗಗಳಲ್ಲಿವೆ: ವಲ್ನರಬಲ್, ಅದಕ್ಕಿಂತ ತೀವ್ರವಾದ ಎಂಡೇಂಜರ್ಡ್, ಎಲ್ಲಕ್ಕಿಂತ ತೀವ್ರವಾದ ಕ್ರಿಟಿಕಲಿ ಎಂಡೇಂಜರ್ಡ್. ಓದುವುದಕ್ಕೆ ದುಡ್ಡು ಬೇಡ, ಖಾತೆಯೂ ಬೇಡ. ಇಷ್ಟು ನಂಬಿಕಸ್ಥ ಮಾಹಿತಿ ಇಷ್ಟು ಸುಲಭವಾಗಿ ಬೇರೆಲ್ಲೂ ಸಿಗುವುದಿಲ್ಲ. ಆದರೆ ಹೆಚ್ಚಿನವರು ಮೇಲಿನ ಬಣ್ಣದ ಗುರುತು ನೋಡಿ ಪುಟ ಮುಚ್ಚುತ್ತಾರೆ. ಈ ಸೇವೆಯ ನಿಜವಾದ ಬೆಲೆ ಇರುವುದು ಅದರ ಕೆಳಗೆ.

ಮೊದಲು ಹುಡುಕಾಟದ ವಿಷಯ. ತಾಣ ಕನ್ನಡದಲ್ಲಿಲ್ಲ. ಸಿಂಗಳೀಕ (ಪಶ್ಚಿಮ ಘಟ್ಟದ ಮಂಗ), ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಎಂಬ ನಮ್ಮ ಹೆಸರುಗಳನ್ನು ನೆಚ್ಚಿಕೊಂಡು ಹುಡುಕಬೇಡಿ. ವೈಜ್ಞಾನಿಕ ಹೆಸರನ್ನೇ ರೋಮನ್ ಅಕ್ಷರದಲ್ಲಿ ಹಾಕಿ. ಅದರಲ್ಲೂ ಒಂದು ತೊಡಕಿದೆ: ವೈಜ್ಞಾನಿಕ ಹೆಸರು ಬದಲಾಗುತ್ತಿರುತ್ತದೆ. ಕಾವೇರಿಯ ಡುಬ್ಬದ ಮಹಶೀರ್ ಮೀನು ಗಾಳ ಹಾಕುವವರಿಗೆಲ್ಲ ಗೊತ್ತಿದ್ದದ್ದೇ, ಆದರೂ ಅದು ಟಾರ್ ರೆಮದೇವಿ ಎಂಬ ಪ್ರಭೇದ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ನೇರವಾಗಿ ಕ್ರಿಟಿಕಲಿ ಎಂಡೇಂಜರ್ಡ್ ವರ್ಗಕ್ಕೆ ಸೇರಿತು. ಹೆಸರು ಗಟ್ಟಿಯಾಗುವ ತನಕ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹಳೆಯ ಪುಸ್ತಕದ ಹೆಸರು ಹಾಕಿ ಏನೂ ಸಿಗದಿದ್ದರೆ 'ಪಟ್ಟಿಯಲ್ಲಿಲ್ಲ' ಎಂದು ತೀರ್ಮಾನಿಸಬೇಡಿ. ಹತ್ತಿರದ ಪ್ರಭೇದದ ಪುಟ ತೆರೆದು ಟ್ಯಾಕ್ಸಾನಮಿ (ವರ್ಗೀಕರಣ) ವಿಭಾಗದಲ್ಲಿ ಸಮಾನ ಹೆಸರುಗಳನ್ನು ನೋಡಿ. ತೆರೆದ ಪುಟ ಇಡೀ ಪ್ರಭೇದದ್ದೋ ಅಥವಾ ಒಂದು ಭಾಗದ್ದೋ ಎಂಬುದನ್ನೂ ಗಮನಿಸಿ. ಹಂಪ್‌ಬ್ಯಾಕ್ ತಿಮಿಂಗಿಲ ಜಾಗತಿಕವಾಗಿ ಲೀಸ್ಟ್ ಕನ್ಸರ್ನ್, ಅಂದರೆ ಸದ್ಯಕ್ಕೆ ಆತಂಕವಿಲ್ಲ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳಿಗೆ ಬೇರೆಯೇ ಪುಟವಿದೆ, ಅಲ್ಲಿ ಅದು ಎಂಡೇಂಜರ್ಡ್. ನಮ್ಮ ಕರಾವಳಿಯ ಬಗ್ಗೆ ಬರೆಯುವವರು ಎರಡನೆಯದನ್ನು ನೋಡದಿದ್ದರೆ ಇಡೀ ಲೇಖನವೇ ತಲೆಕೆಳಗಾಗುತ್ತದೆ.

ಈಗ ಕೋಡ್. ಸಿಂಗಳೀಕದ ಪುಟದಲ್ಲಿ ಎಂಡೇಂಜರ್ಡ್ ಎಂಬುದರ ಜೊತೆಗೆ ಸಿ2ಎ(ಐ) ಎಂಬ ಪುಟ್ಟ ಗುರುತಿದೆ. ಅದನ್ನು ಬಿಡಿಸಿ ಓದಿದರೆ ಹೀಗೆ: ಪ್ರಾಯಕ್ಕೆ ಬಂದ ಪ್ರಾಣಿಗಳು 2,500ಕ್ಕಿಂತ ಕಡಿಮೆ, ಸಂಖ್ಯೆ ಇಳಿಯುತ್ತಲೇ ಇದೆ, ಮತ್ತು ಒಂದಕ್ಕೊಂದು ಸಂಪರ್ಕವಿಲ್ಲದ ಯಾವ ಉಪಸಂಖ್ಯೆಯಲ್ಲೂ (ಬೇರ್ಪಟ್ಟ ಗುಂಪಿನಲ್ಲೂ) ಪ್ರಾಯದವು 250ಕ್ಕಿಂತ ಹೆಚ್ಚಿಲ್ಲ. ಮುಖ್ಯವಾದದ್ದು ಆ ಕೊನೆಯ ಭಾಗ. ಸಿಂಗಳೀಕ ಹೆಚ್ಚಾಗಿ ಮರದ ಮೇಲೇ ಬದುಕುವ ಪ್ರಾಣಿ. ಶರಾವತಿ, ಅಘನಾಶಿನಿ ಕಣಿವೆಗಳಲ್ಲಿ ಮರಗಳ ಮೇಲ್ಚಾವಣಿ ಕಡಿದು ಒಂದು ರಸ್ತೆಯೋ ವಿದ್ಯುತ್ ಮಾರ್ಗವೋ ಹಾದುಹೋದರೆ ಆ ದಿನ ಒಂದು ಮಂಗವೂ ಸಾಯದಿರಬಹುದು, ತಲೆ ಎಣಿಕೆ ಹಾಗೇ ಉಳಿಯಬಹುದು. ಆದರೆ ಒಂದು ಉಪಸಂಖ್ಯೆ ಎರಡಾಗುತ್ತದೆ, ಪರಿಸ್ಥಿತಿ ಬಿಗಡಾಯಿಸುತ್ತದೆ. 'ಎಷ್ಟು ಮಂಗ ಸಾಯುತ್ತವೆ?' ಎಂದು ಕೇಳುವ ಅಧಿಕಾರಿಗೆ ತೋರಿಸಬೇಕಾದದ್ದು ಈ ಕೋಡ್. ಇನ್ನೊಂದು ಎಚ್ಚರ: ಪ್ರಾಯಕ್ಕೆ ಬಂದವು ಎಂದರೆ ಒಟ್ಟು ಸಂಖ್ಯೆ ಅಲ್ಲ, ಮರಿಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಎರಡು ವರದಿಗಳ ಅಂಕಿ ಹೋಲಿಸುವಾಗ ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ.

ಮಾನದಂಡಗಳು ಎ ಇಂದ ಇ ವರೆಗೆ ಐದು. ಎ ಎಂದರೆ ಕುಸಿತದ ವೇಗ, ಬಿ ಎಂದರೆ ನೆಲೆಯ ವಿಸ್ತಾರ, ಸಿ ಎಂದರೆ ಕಡಿಮೆ ಸಂಖ್ಯೆ ಮತ್ತು ಇಳಿಕೆ, ಡಿ ಎಂದರೆ ತೀರಾ ಕಡಿಮೆ ಸಂಖ್ಯೆ (ಪ್ರಾಯದವು 50ಕ್ಕಿಂತ ಕಡಿಮೆಯಾದರೆ ಕ್ರಿಟಿಕಲಿ ಎಂಡೇಂಜರ್ಡ್), ಇ ಎಂದರೆ ಅಳಿಯುವ ಸಾಧ್ಯತೆಯ ಗಣಿತ. ರಾಮನಗರದ ರಾಮದೇವರ ಬೆಟ್ಟದ ಉದ್ದಕೊಕ್ಕಿನ ರಣಹದ್ದು ಎ ಮಾನದಂಡದ ಹಕ್ಕಿ. ದೇಶದಲ್ಲಿ ಇನ್ನೂ ಸಾವಿರಾರು ಉಳಿದಿದ್ದರೂ ಅದು ಕ್ರಿಟಿಕಲಿ ಎಂಡೇಂಜರ್ಡ್ ವರ್ಗದಲ್ಲಿರುವುದು, ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಚುಚ್ಚಿಸಿಕೊಂಡ ದನದ ಕಳೇಬರ ತಿಂದು ಅಷ್ಟು ಬೇಗ ಸಂಖ್ಯೆ ಕುಸಿದದ್ದಕ್ಕೆ. ದನಗಳ ಬಳಕೆಗೆ ಆ ಔಷಧಿಯನ್ನು ಭಾರತ ನಿಷೇಧಿಸಿದ್ದು 2006ರಲ್ಲಿ. ಸಿಂಗಳೀಕಕ್ಕೆ ಬೇಕಾದದ್ದು ಕಾಡಿನ ಜೋಡಣೆ, ಹದ್ದಿಗೆ ಬೇಕಾದದ್ದು ವಿಷವಿಲ್ಲದ ಆಹಾರ. ಬಣ್ಣ ನೋಡಿದರೆ ಇದು ತಿಳಿಯುವುದಿಲ್ಲ, ಕೋಡ್ ನೋಡಿದರೆ ಅರ್ಧ ತಿಳಿಯುತ್ತದೆ. ಉಳಿದರ್ಧ ಥ್ರೆಟ್ಸ್ (ಬೆದರಿಕೆಗಳು) ವಿಭಾಗದಲ್ಲಿ. 'ವಿವರ' ಗುಂಡಿ ಒತ್ತಿ ಪೂರ್ತಿ ತೆರೆಯಿರಿ.

ಮೌಲ್ಯಮಾಪನದ ದಿನಾಂಕವನ್ನು ತಪ್ಪದೆ ನೋಡಿ. ಹತ್ತು ವರ್ಷ ದಾಟಿದ್ದರೆ ಅದು ಹಳತಾಗಿದೆ ಎಂದು ಪುಟವೇ ಹೇಳುತ್ತದೆ, ಅಂಥ ಪುಟಗಳು ಬೇಕಾದಷ್ಟಿವೆ. ವರ್ಗ ಬದಲಾದಾಗ ಕಾರಣವನ್ನೂ ಹುಡುಕಿ. ಹಿಮಚಿರತೆ 2017ರಲ್ಲಿ ಎಂಡೇಂಜರ್ಡ್‌ನಿಂದ ವಲ್ನರಬಲ್‌ಗೆ ಇಳಿದದ್ದು ಲೆಕ್ಕ ಪರಿಷ್ಕರಣೆಯಿಂದ, ಬೆಟ್ಟದಲ್ಲಿ ಚಿರತೆ ಹೆಚ್ಚಾದದ್ದರಿಂದ ಅಲ್ಲ. ಐಬೀರಿಯಾದ ಲಿಂಕ್ಸ್ 2024ರಲ್ಲಿ ಅದೇ ರೀತಿ ಇಳಿದದ್ದು ನಿಜವಾದ ಚೇತರಿಕೆ: 2001ರಲ್ಲಿ 62 ಇದ್ದ ಪ್ರಾಯದ ಪ್ರಾಣಿಗಳು 2022ಕ್ಕೆ 648 ಆಗಿದ್ದವು. ಆಫ್ರಿಕಾದ ಆನೆ 2021ರಲ್ಲಿ ಎರಡು ಪ್ರಭೇದವಾಗಿ ಒಡೆಯಿತು, ದಟ್ಟ ಕಾಡಿನದು ಕ್ರಿಟಿಕಲಿ ಎಂಡೇಂಜರ್ಡ್, ಹುಲ್ಲುಗಾವಲಿನದು ಎಂಡೇಂಜರ್ಡ್. ಹಿಂದಿನ ಒಂದೇ ಪುಟದಲ್ಲಿ ಎರಡೂ ಸೇರಿ ಬರೀ ವಲ್ನರಬಲ್ ಆಗಿದ್ದವು. ತಾಣದ ಅಂಕಿಅಂಶ ವಿಭಾಗವಾದ ಸಮ್ಮರಿ ಸ್ಟ್ಯಾಟಿಸ್ಟಿಕ್ಸ್‌ನ 7ನೇ ಕೋಷ್ಟಕದಲ್ಲಿ ನಿಜವಾದ ಬದಲಾವಣೆಗೆ ಜಿ ಎಂದೂ ಹೊಸ ಮಾಹಿತಿ, ಲೆಕ್ಕ ಪರಿಷ್ಕರಣೆಯಂಥ ಕಾರಣಗಳಿಂದ ಆದದ್ದಕ್ಕೆ ಎನ್ ಎಂದೂ ಬರೆದಿರುತ್ತಾರೆ. ಪತ್ರಕರ್ತರು ಈ ಒಂದು ಕಾಲಂ ನೋಡಿದರೆ ಸುಳ್ಳು ಸಂಭ್ರಮದ ಶೀರ್ಷಿಕೆಗಳು ಎಷ್ಟೋ ತಪ್ಪುತ್ತವೆ.

ನಕ್ಷೆ ಈ ಸೇವೆಯ ದುರ್ಬಲ ಅಂಗ. ಬಣ್ಣ ಬಳಿದ ಜಾಗದಲ್ಲೆಲ್ಲ ಪ್ರಾಣಿ ಇದೆ ಎಂದಲ್ಲ, ಅದು ಹರಡುವಿಕೆಯ ಎಲ್ಲೆ ಅಷ್ಟೆ. ಉಚಿತ ಖಾತೆ ತೆರೆದು, ಬಳಕೆಯ ಉದ್ದೇಶ ಬರೆದರೆ ಶೇಪ್‌ಫೈಲ್ (ನಕ್ಷೆಯ ದತ್ತಾಂಶ ಕಡತ) ಸಿಗುತ್ತದೆ; ಹಕ್ಕಿಗಳದ್ದಕ್ಕೆ ಬರ್ಡ್‌ಲೈಫ್ ಇಂಟರ್‌ನ್ಯಾಷನಲ್‌ಗೆ ಬೇರೆ ಕೋರಿಕೆ ಸಲ್ಲಿಸಬೇಕು. ಕ್ಯೂಜಿಐಎಸ್‌ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದ ಕೂಡಲೇ ಪ್ರೆಸೆನ್ಸ್ ಎಂಬ ಕಾಲಂ ನೋಡಿ. 1 ಎಂದರೆ ಈಗಲೂ ಇದೆ, 4 ಬಹುಶಃ ಅಳಿದಿದೆ, 5 ಅಳಿದಿದೆ. ಇದನ್ನು ಸೋಸದೆ ವಿಸ್ತೀರ್ಣ ಲೆಕ್ಕ ಹಾಕಿದರೆ ಎರೆಭೂತ ಎಂದೋ ಕಾಣೆಯಾದ ಬಯಲುಗಳೂ ಅದರ ನೆಲೆಯಾಗಿಬಿಡುತ್ತವೆ. ನಮ್ಮಲ್ಲಿ ಅದು ಬಳ್ಳಾರಿಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿ. ಫೈಲ್ ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿರುತ್ತದೆ, ಆದ್ದರಿಂದ ಮೊದಲು ಸಮವಿಸ್ತೀರ್ಣ ಪ್ರಕ್ಷೇಪಕ್ಕೆ (ವಿಸ್ತೀರ್ಣದ ಅನುಪಾತ ಕೆಡದ ನಕ್ಷಾ ವಿಧಾನಕ್ಕೆ) ಬದಲಿಸಿ, ಆಮೇಲೆ ಚದರ ಕಿಲೋಮೀಟರ್ ಲೆಕ್ಕ ಮಾಡಿ.

ಡೇಟಾ ಡಿಫಿಶಿಯೆಂಟ್ ಎಂದಿರುವ ಪ್ರಭೇದವನ್ನು ಸುರಕ್ಷಿತ ಎಂದು ಓದುವುದು ದೊಡ್ಡ ತಪ್ಪು. ಮಾಹಿತಿ ಸಾಲದು ಎಂಬುದಷ್ಟೇ ಅದರ ಅರ್ಥ. ವಾಣಿಜ್ಯ ಬಳಕೆಗೆ ಈ ದತ್ತಾಂಶ ಉಚಿತವಲ್ಲ, ಅದಕ್ಕೆ ಬೇರೆ ಪರವಾನಗಿ ಬೇಕು.

ಕಾನೂನಿನ ಮಟ್ಟಿಗೆ ಹೇಳುವುದಾದರೆ, ರೆಡ್ ಲಿಸ್ಟ್‌ಗೆ ನಮ್ಮ ನ್ಯಾಯಾಲಯದಲ್ಲಿ ಸ್ವಂತ ಬಲವಿಲ್ಲ. ನವಿಲು, ಕೃಷ್ಣಮೃಗ ಎರಡೂ ಅದರಲ್ಲಿ ಲೀಸ್ಟ್ ಕನ್ಸರ್ನ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರಡೂ ಮೊದಲನೇ ಅನುಸೂಚಿಯವು. ಸಾರ್ವಜನಿಕ ಅಹವಾಲಿಗೆ ಆಕ್ಷೇಪಣೆ ಬರೆಯುವಾಗ ಕಾಯ್ದೆಯ ಅನುಸೂಚಿಯನ್ನು ಮೊದಲು ಹಾಕಿ, ಆಮೇಲೆ ರೆಡ್ ಲಿಸ್ಟ್‌ನ ವರ್ಗ, ಕೋಡ್, ಮೌಲ್ಯಮಾಪನದ ವರ್ಷ ಮೂರನ್ನೂ ಬರೆಯಿರಿ. ಪುಟದ ಪಿಡಿಎಫ್ ಇಳಿಸಿಕೊಂಡು ಲಗತ್ತಿಸಿ. ಮುಂದಿನ ಪರಿಷ್ಕರಣೆಯಲ್ಲಿ ಜಾಲತಾಣದ ಪುಟ ಬದಲಾದರೂ ನಿಮ್ಮ ಅರ್ಜಿಯ ಆಧಾರ ಕಡತದಲ್ಲಿ ಉಳಿದಿರುತ್ತದೆ.