ಶಿರಸಿಯ ಗ್ಯಾರೇಜಿನಲ್ಲಿ ಜಿಪ್ಸಿಯ ವೀಲ್‌ಬೇಸ್ ಉದ್ದ ಮಾಡಿಸಿದ ಕೆಲಸ: ಒಂದು ಮಳೆಗಾಲದ ನಂತರದ ಅಭಿಪ್ರಾಯ

ಮಾರುತಿ ಜಿಪ್ಸಿಯ ಮೂಲ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ (ಗಾಲಿಗಳ ಅಚ್ಚುಗಳ) ನಡುವಿನ ಅಂತರ, 2375 ಮಿಲಿಮೀಟರ್. ಅಡಕೆ ತೋಟದ ತಳದಿಂದ ಮನೆಯಂಗಳಕ್ಕೆ ಏರುವ ಕಡಿದಾದ ದಾರಿಯಲ್ಲಿ ಹಿಂದೆ ಗೊಬ್ಬರದ ಚೀಲ ಹೇರಿಕೊಂಡು ಹೊರಟರೆ, ಹೊರೆಯ ಒಂದು ಪಾಲು ಹಿಂದಿನ ಆಕ್ಸಲ್‌ನಿಂದ ಆಚೆಗೆ ಬಿದ್ದು, ಮುಂದಿನ ಗಾಲಿಗಳು ಹಗುರಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಇದಕ್ಕೆ ಪರಿಹಾರವೆಂದು ಶಿರಸಿ ಹೊರವಲಯದ ಒಂದು ಗ್ಯಾರೇಜಿನಲ್ಲಿ ಹಿಂದಿನ ಆಕ್ಸಲನ್ನು 100 ಮಿಲಿಮೀಟರ್ ಹಿಂದಕ್ಕೆ ಸರಿಸಿಕೊಂಡೆ.

ಕೆಲಸ ಒಪ್ಪಿಕೊಳ್ಳುವ ಮೊದಲು ಅವರು ಆರ್‌ಸಿ ಕೇಳಿದರು. ವೀಲ್‌ಬೇಸ್ ಅದರಲ್ಲಿ ನಮೂದಾಗಿರುತ್ತದೆ; ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಗಾಡಿಯನ್ನು ತೋಟದ ಬೇಲಿಯೊಳಗೆ ಮಾತ್ರ ಓಡಿಸುತ್ತೇನೆಂದು ಬರೆದುಕೊಟ್ಟ ಮೇಲೆಯೇ ಸ್ಪ್ಯಾನರ್ ಹಿಡಿದರು. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟಾದ ಲೀಫ್ ಸ್ಪ್ರಿಂಗಿನಲ್ಲಿ, ಆಕ್ಸಲ್ ಕೂರುವ ಜಾಗವನ್ನು ನಿರ್ಧರಿಸುವ ಸೆಂಟರ್ ಬೋಲ್ಟಿನ ಜಾಗ ಬದಲಿಸಿ ಅಗ್ಗದಲ್ಲಿ ಮುಗಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಸ್ಪ್ರಿಂಗಿನ ಮುಂದಿನ ಅರ್ಧ ಉದ್ದವಾಗಿ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ಹೊರಳಿಕೊಂಡು ಸ್ಪ್ರಿಂಗ್ ಡೊಂಕಾಗುತ್ತದೆ ಎಂದು ವಿವರಿಸಿ, ಸ್ಪ್ರಿಂಗಿನ ಎರಡು ತುದಿಗಳನ್ನು ಹಿಡಿಯುವ ಮುಂದಿನ ಹ್ಯಾಂಗರ್ ಮತ್ತು ಹಿಂದಿನ ಶ್ಯಾಕಲ್ ಎರಡನ್ನೂ ಚಾಸಿಯಲ್ಲಿ (ಗಾಡಿಯ ಅಡಿಚೌಕಟ್ಟಿನಲ್ಲಿ) ಸಮನಾಗಿ ಹಿಂದಕ್ಕೆ ಒಯ್ದರು. ವೆಲ್ಡಿಂಗಿಗೆ ಮೊದಲು ತೂಗುಗುಂಡು ಇಳಿಬಿಟ್ಟು, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓರೆಯಾಗಿ ಟೇಪು ಹಿಡಿದು, ಎರಡೂ ಅಳತೆ ಒಂದೇ ಬರುವವರೆಗೆ ಹ್ಯಾಂಗರನ್ನು ಕೂದಲೆಳೆಯಷ್ಟು ಸರಿಸುತ್ತಲೇ ಇದ್ದ ಆ ಮೇಸ್ತ್ರಿಯ ತಾಳ್ಮೆಯನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ. ಇಂಜಿನ್ನಿನ ಬಲವನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಉದ್ದನೆಯ ಹೊಸ ಕೊಳವೆ ಹಾಕಿ, ಎರಡು ತುದಿಯ ಯೋಕುಗಳನ್ನು (ಕವಲು ಜೋಡಣೆಗಳನ್ನು) ಒಂದೇ ನೇರಕ್ಕೆ ಕೂರಿಸಿ, ಬ್ಯಾಲೆನ್ಸಿಂಗಿಗೆ ಹುಬ್ಬಳ್ಳಿಗೆ ಕಳಿಸಿದರು. ವೇಗ ಏರಿದರೂ ನಡುಕವಿಲ್ಲ. ಗಾಲಿಯ ಕಮಾನನ್ನು ಕತ್ತರಿಸಿ ಹಿಂದಕ್ಕೆ ಹಿಗ್ಗಿಸಿದ್ದು ಮಾತ್ರ ಸಾಧಾರಣ ಕೆಲಸ.

ಕೊರತೆಗಳೂ ಇವೆ. ಹಿಂದಿನ ಬ್ರೇಕ್ ಹೋಸ್ (ಬ್ರೇಕ್ ಎಣ್ಣೆ ಒಯ್ಯುವ ಬಾಗುವ ಕೊಳವೆ) ಹಳೆಯದನ್ನೇ ಉಳಿಸಿದ್ದರು. ಜ್ಯಾಕ್ ಕೊಟ್ಟು ಆಕ್ಸಲ್ ಪೂರ್ತಿ ಇಳಿಬಿಟ್ಟಾಗ ಅದು ತಂತಿಯಂತೆ ಬಿಗಿದಿತ್ತು. ಕೇಳಿದ ಕೂಡಲೇ ಉದ್ದನೆಯದು ಹಾಕಿಕೊಟ್ಟರಾದರೂ, ಬ್ರೇಕಿನ ವಿಷಯವನ್ನು ಗಿರಾಕಿ ನೆನಪಿಸುವಂತಾಗಬಾರದು. ವೆಲ್ಡಿಂಗಿಗೆ ಬಳಿದ ಒಂದೇ ಕೋಟು ಕಪ್ಪು ಬಣ್ಣ ನಮ್ಮ ಮಳೆಗೆ ಸಾಲದೆ, ದೀಪಾವಳಿಯ ಹೊತ್ತಿಗೆ ಸಂದುಗಳಲ್ಲಿ ತುಕ್ಕು ಕಾಣಿಸಿತು.

ಹೊರೆ ಹೇರಿದ ಗಾಡಿ ಈಗ ಏರಿನಲ್ಲಿ ಮೂತಿ ಎತ್ತುವುದಿಲ್ಲ. ಧರೆ ಇಳಿಯುವಾಗ ಹಿಂದಿನ ಬಂಪರ್ ನೆಲಕ್ಕೆ ಉಜ್ಜುವುದೂ ನಿಂತಿದೆ. ತಿರುಗಲು ಬೇಕಾದ ಜಾಗ ಸುಮಾರು ಶೇ. 4ರಷ್ಟು ಹೆಚ್ಚಿದ್ದು, ತೋಟದ ಇಕ್ಕಟ್ಟಾದ ತಿರುವಿನಲ್ಲಿ ಒಮ್ಮೆ ರಿವರ್ಸ್ ತೆಗೆದುಕೊಳ್ಳಲೇಬೇಕು. ಎರಡು ಆಕ್ಸಲ್‌ಗಳ ನಡುವಿನ ಹೊಟ್ಟೆಭಾಗ ದಿಬ್ಬಕ್ಕೆ ತಾಗುವ ಸಾಧ್ಯತೆಯೂ ತುಸು ಹೆಚ್ಚು. ಹೇರು ಹೊರುವ ಗಾಡಿಗೆ ಈ ಗ್ಯಾರೇಜನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಬರಿಗಾಡಿ ಓಡಿಸುವವರಿಗೆ ಇದರ ಅಗತ್ಯವಿಲ್ಲ. ಮಾಡಿಸುವವರು ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಮತ್ತು ತುಕ್ಕು ತಡೆಯುವ ಪ್ರೈಮರ್ ಮೂರನ್ನೂ ಎಸ್ಟಿಮೇಟಿನಲ್ಲೇ ಬರೆಸಿಕೊಳ್ಳಿ.