ಜೆಟ್ ಸೆಟ್ ರೇಡಿಯೋ: ಪೊಲೀಸರು ಬರುವ ಮುಂಚೆ ಚಿತ್ರ ಮುಗಿಯಬೇಕು

ಸೆಗಾ ಕಂಪನಿಯ ‘ಜೆಟ್ ಸೆಟ್ ರೇಡಿಯೋ’ 2000ರಲ್ಲಿ ಅದೇ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲ್‌ಗೆ ಬಂದ ವಿಡಿಯೋ ಗೇಮ್. ನನ್ನ ಹತ್ತಿರ ಇರುವುದು 2012ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಬಂದ ಎಚ್‌ಡಿ ಆವೃತ್ತಿ. ವರ್ಷಗಳಿಂದ ಆಡುತ್ತಿದ್ದೇನೆ. ಮುಂಬೈ ಲೋಕಲ್ ಟ್ರೇನ್ ಹತ್ತಿ ಡೊಂಬಿವಲಿ ಮನೆ ಸೇರಿ, ಊಟ ಮುಗಿಸಿ, ಒಂದು ಲೆವೆಲ್ ಆಡಿ ಮಲಗುವುದು ಅಭ್ಯಾಸವಾಗಿಬಿಟ್ಟಿದೆ. ಚಿತ್ರ ಬರೆಯುವುದೇ ಅಪರಾಧ ಆಗಿರುವ ಊರು ಹೇಗಿರುತ್ತದೆ ಅನ್ನುವುದನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಗೇಮ್ ನಾನು ಆಡಿಲ್ಲ.

ಕಥೆ ಸರಳ. ಟೋಕಿಯೋ ಥರದ್ದೇ ಒಂದು ಊರು. ರೊಕ್ಕಾಕು ಗ್ರೂಪ್ ಅನ್ನುವ ಕಂಪನಿ ಎಲ್ಲವನ್ನೂ ಹಿಡಿತಕ್ಕೆ ತೆಗೆದುಕೊಂಡಿದೆ. ಬೀಟ್, ಗಮ್, ಟ್ಯಾಬ್ ಅನ್ನುವ ಹುಡುಗರು ಕಾಲಿಗೆ ಸ್ಕೇಟ್ಸ್ ಕಟ್ಟಿಕೊಂಡು, ಸ್ಪ್ರೇ ಡಬ್ಬಿ ಹಿಡಿದು ಗೋಡೆಗಳಿಗೆ ಬಣ್ಣ ಹೊಡೆಯುತ್ತಾರೆ. ಪ್ರೊಫೆಸರ್ ಕೆ ಅನ್ನುವ ಡಿಜೆ ಲೈಸೆನ್ಸ್ ಇಲ್ಲದ ರೇಡಿಯೋ ಸ್ಟೇಷನ್‌ನಿಂದ ಇವರ ಸುದ್ದಿ ಹೇಳುತ್ತಾನೆ. ಪೊಲೀಸ್ ಕ್ಯಾಪ್ಟನ್ ಒನಿಶಿಮಾ ರಿವಾಲ್ವರ್ ಹಿಡಿದು ಹಿಂದೆ ಬೀಳುತ್ತಾನೆ. ಸಾಲದ್ದಕ್ಕೆ ಪೊಲೀಸ್ ಪಡೆ, ಹೆಲಿಕಾಪ್ಟರ್. ಒಂದು ಡಬ್ಬಿ ಬಣ್ಣಕ್ಕೆ ಇಷ್ಟೆಲ್ಲಾನಾ, ಅತಿ ಆಯ್ತು ಅನ್ನಿಸಬಹುದು. ಆದರೆ 2011ರಲ್ಲಿ ಸಿರಿಯಾದ ದರಾ ಊರಿನಲ್ಲಿ ಸರ್ಕಾರದ ವಿರುದ್ಧ ಶಾಲೆಯ ಗೋಡೆ ಮೇಲೆ ಬರೆದ ಹುಡುಗರನ್ನು ಹಿಡಿದುಕೊಂಡು ಹೋಗಿ ಹಿಂಸೆ ಕೊಟ್ಟರು. ಅದನ್ನು ಓದಿದ ಮೇಲೆ ಈ ಹೆಲಿಕಾಪ್ಟರ್ ನನಗೆ ಅತಿ ಅನ್ನಿಸಿಲ್ಲ.

ಗೇಮ್‌ನ ಜೀವ ಇರುವುದು ಬಣ್ಣ ಹೊಡೆಯುವ ರೀತಿಯಲ್ಲಿ. ಸಣ್ಣ ಗುರುತಾದರೆ ಓಡುತ್ತಲೇ ಒಂದು ಬಟನ್ ಒತ್ತಿದರೆ ಸಾಕು. ದೊಡ್ಡ ಚಿತ್ರಕ್ಕೆ ನಿಲ್ಲಲೇಬೇಕು. ಪರದೆ ಮೇಲೆ ಬಾಣದ ಗುರುತುಗಳು ಒಂದೊಂದಾಗಿ ಬರುತ್ತವೆ. ಅದರಂತೆ ಕಂಟ್ರೋಲರ್‌ನ ಸ್ಟಿಕ್ ಅನ್ನು ಹೆಬ್ಬೆರಳಿನಿಂದ ಬಲಕ್ಕೆ, ಕೆಳಕ್ಕೆ, ಅರ್ಧ ಸುತ್ತು, ಪೂರ್ತಿ ಸುತ್ತು ತಿರುಗಿಸಬೇಕು. ಒಂದೊಂದು ತಿರುವಿಗೂ ಡಬ್ಬಿ ಖರ್ಚಾಗುತ್ತದೆ, ಮೇಲೆ ಗಡಿಯಾರ ಓಡುತ್ತಿರುತ್ತದೆ. ಬೆನ್ನ ಹಿಂದೆ ಬೂಟಿನ ಸದ್ದು ಹತ್ತಿರವಾಗುತ್ತದೆ. ಪಕ್ಕದಲ್ಲಿ ಕೂತ ನನ್ನ ಸೋದರಳಿಯ ‘ಮಾಮ, ಬಂದ್ರು, ಬಿಟ್ಟು ಓಡು!’ ಅಂತ ಕೂಗುತ್ತಾನೆ. ಅರ್ಧ ಬರೆದ ಚಿತ್ರ ಬಿಟ್ಟು ಓಡುವುದಾ, ಇನ್ನೊಂದು ತಿರುವು ಮುಗಿಸುವುದಾ? ಈ ಪ್ರಶ್ನೆಯನ್ನು ಯಾವ ಪಾತ್ರವೂ ಬಾಯಿಬಿಟ್ಟು ಕೇಳುವುದಿಲ್ಲ. ಹೆಬ್ಬೆರಳೇ ಉತ್ತರ ಕೊಡಬೇಕು.

ಹೀಗೆ ಆಡುತ್ತಾ ಆಡುತ್ತಾ ನನಗೆ ಬರ್ಲಿನ್ ಗೋಡೆಯ ಚಿತ್ರಗಳು ಅರ್ಥವಾದವು. ಥಿಯರಿ ನುವಾರ್ ಅನ್ನುವ ಫ್ರೆಂಚ್ ಕಲಾವಿದರು 1984ರಲ್ಲಿ ಆ ಗೋಡೆಯ ಪಶ್ಚಿಮದ ಮುಖಕ್ಕೆ ಬಣ್ಣ ಹಚ್ಚಲು ಶುರು ಮಾಡಿದರು. ಗೋಡೆ ಇದ್ದದ್ದು ಗಡಿಗೆರೆಯಿಂದ ಸ್ವಲ್ಪ ಒಳಗೆ, ಪೂರ್ವ ಜರ್ಮನಿಯವರ ನೆಲದಲ್ಲೇ. ಅಂದರೆ ಅದರ ಮುಂದೆ ನಿಂತವರನ್ನು ಪೂರ್ವದ ಕಾವಲುಗಾರರು ಬಂದು ಹಿಡಿಯಬಹುದಿತ್ತು. ಹಾಗಾಗಿ ಕೆಲವೇ ಬಣ್ಣ, ದಪ್ಪ ಗೆರೆ, ದಪ್ಪ ತುಟಿಯ ಉದ್ದುದ್ದ ತಲೆಗಳು. ಅಷ್ಟು ಬರೆದು ಓಡಿದರಾಯಿತು. ಆ ಶೈಲಿಯಲ್ಲಿ ಅರ್ಧ ಪಾಲು ಅವಸರದ್ದೇ.

ಗೇಮ್‌ನಲ್ಲಿ ಗ್ರಾಫಿಟಿ (ಗೋಡೆ ಚಿತ್ರ) ಎಡಿಟರ್ ಕೂಡ ಇದೆ, ನಮ್ಮದೇ ಚಿತ್ರ ಮಾಡಿಕೊಳ್ಳಬಹುದು. ಅಲ್ಲಿ ಕನ್ನಡ ಅಕ್ಷರ ಬರೆಯುವುದು ನನಗೆ ಬಲು ಖುಷಿ. ಸಣ್ಣ ಗುರುತಿಗೆ ‘ಠ’ ಬರೆದೆ. ಒಂದು ಸುತ್ತು, ಮೇಲೊಂದು ಕೊಂಡಿ, ನಡುವೆ ಚುಕ್ಕೆ. ಓಡುವಾಗಲೂ ಕಣ್ಣಿಗೆ ಹೊಡೆಯುತ್ತದೆ. ದೊಡ್ಡ ಗೋಡೆಗೆ ‘ಬಣ್ಣ’. ಅದರ ಒತ್ತಕ್ಷರವನ್ನು ಕೆಳಗೆ ಬಾಲದ ಥರ ಎಳೆದುಬಿಟ್ಟಿದ್ದೇನೆ.

ಇನ್ನು ಬೇಸರದ ಮಾತು. ಆಟವನ್ನು ನಮಗೆ ತೋರಿಸುವ ಕ್ಯಾಮೆರಾ ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತದೆ, ಇಷ್ಟು ವರ್ಷವಾದರೂ ಅದಕ್ಕೆ ನನ್ನ ಕಣ್ಣು ಒಗ್ಗಿಲ್ಲ. ಆದರೆ ನನಗೆ ಜಾಸ್ತಿ ಕಾಡುವುದು ಬೇರೆ. ಈ ಗೇಮ್‌ನಲ್ಲಿ ದಬ್ಬಾಳಿಕೆ ಯಾವಾಗಲೂ ಹೊರಗಿನಿಂದ, ಸೈರನ್ ಹಾಕಿಕೊಂಡೇ ಬರುತ್ತದೆ. ನಾನು ಮುಂಬೈಯ ಕನ್ನಡ ನಾಟಕಗಳಿಗೆ ಪರದೆ ಬರೆಯುವವನು. ಮಹಾರಾಷ್ಟ್ರದಲ್ಲಿ ನಾಟಕ ಆಡುವ ಮುಂಚೆ ಸ್ಕ್ರಿಪ್ಟನ್ನು ಸರ್ಕಾರದ ಪರಿನಿರೀಕ್ಷಣ ಮಂಡಳಿಗೆ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕು. ತಾಲೀಮಿನಲ್ಲಿ ಎಷ್ಟೋ ಸಲ, ಯಾರೂ ಕೇಳುವ ಮುಂಚೆಯೇ, ‘ಈ ಮಾತು ಬೇಡ ಬಿಡ್ರೀ, ಸುಮ್ನೆ ತೊಂದರೆ’ ಅಂತ ನಾವೇ ಗೆರೆ ಎಳೆದುಬಿಡುತ್ತೇವೆ. ತಲೆಯೊಳಗೆ ಕೂತ ಆ ಒನಿಶಿಮಾನನ್ನು ಗೇಮ್ ತೋರಿಸುವುದಿಲ್ಲ. ಹಾಗೆ ನೋಡಿದರೆ ಗೇಮ್ ಶುರುವಾಗುವುದೇ ಎಚ್ಚರಿಕೆಯ ಪರದೆಯಿಂದ: ಗ್ರಾಫಿಟಿ ಕಲೆ, ಆದರೆ ಕಂಡವರ ಆಸ್ತಿ ಹಾಳು ಮಾಡುವುದು ಅಪರಾಧ ಅಂತ. ಮಾಡಿದವರಿಗೂ ಆ ಅಳುಕು ಗೊತ್ತಿತ್ತು. ಅದನ್ನು ಕಥೆಯೊಳಗೂ ತಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ನಮ್ಮಲ್ಲೂ ಗೋಡೆ ಹಾಳು ಮಾಡಬಾರದು ಅನ್ನುವ 1995ರ ರಾಜ್ಯದ ಕಾನೂನು ಇದೆ. ಮಾಹಿಮ್ ಕಡೆ ತುಳಸಿ ಪೈಪ್ ರಸ್ತೆಯ ರೈಲ್ವೆ ಗೋಡೆಗೆ 2009ರಲ್ಲಿ ಜನ ಸೇರಿ ಚಿತ್ರ ಬರೆದದ್ದು ಪಾಲಿಕೆಯ ಒಪ್ಪಿಗೆಯಿಂದ. ಅಂಥ ಗೋಡೆಗಳು ಇನ್ನೂ ಬೇಕು. ಒಪ್ಪಿಗೆ ಇದ್ದಾಗ ಅಳಿಸಿ ತಿದ್ದಲು ಪುರುಸೊತ್ತು ಸಿಗುತ್ತದೆ, ಅದೂ ಕಲೆಗೆ ಬೇಕಾದದ್ದೇ.

ಕೊನೆಯ ಭಾಗ ಗೊತ್ತಾಗಬಾರದು ಅನ್ನುವವರು ಈ ಪ್ಯಾರಾ ಬಿಡಿ. ರೊಕ್ಕಾಕು ಯಜಮಾನ ದೆವ್ವವನ್ನೇ ಕರೆಸುತ್ತೇನೆ ಅಂತ ನಂಬಿ ಹಿಡಿದುಕೊಂಡಿದ್ದ ಗ್ರಾಮಫೋನ್ ಪ್ಲೇಟು ಬರೀ ಹಳೇ ಪ್ಲೇಟು ಅಂತ ಕೊನೆಗೆ ತಿಳಿಯುತ್ತದೆ. ಅದರಲ್ಲಿ ಯಾವ ಶಕ್ತಿಯೂ ಇರಲಿಲ್ಲ. ಊರನ್ನೆಲ್ಲ ಹೆದರಿಸಿದವನ ಕೈಯಲ್ಲಿ ಇದ್ದದ್ದು ಅಷ್ಟೇ. ಎಷ್ಟು ಸಲ ನೋಡಿದರೂ ಆ ಜಾಗಕ್ಕೆ ಬಂದಾಗ ನನಗೆ ಎದ್ದು ಚಪ್ಪಾಳೆ ಹೊಡೆಯಬೇಕು ಅನ್ನಿಸುತ್ತದೆ. ಹಿಡೆಕಿ ನಾಗಾನುಮಾ ಅವರ ಸಂಗೀತವೂ ಹಾಗೇ, ಈಗಲೂ ಟ್ರೇನ್‌ನಲ್ಲಿ ಕಿವಿಗೆ ಹಾಕಿಕೊಳ್ಳುತ್ತೇನೆ.

ಕೊಳ್ಳುವವರಿಗೆ: 2024ರ ಡಿಸೆಂಬರ್‌ನಲ್ಲಿ ಇದನ್ನು ಸ್ಟೀಮ್‌ನಿಂದ ತೆಗೆದಿದ್ದಾರೆ. ಮೊದಲೇ ಕೊಂಡವರು ಈಗಲೂ ಆಡಬಹುದು. ಹೊಸಬರು ಇದೇ ದಾರಿಯಲ್ಲಿ ನಡೆದ ‘ಬಾಂಬ್ ರಶ್ ಸೈಬರ್‌ಫಂಕ್’ ನೋಡಿ, 2023ರದ್ದು, ನೆದರ್‌ಲ್ಯಾಂಡ್ಸ್‌ನ ಟೀಮ್ ರೆಪ್ಟೈಲ್ ಮಾಡಿದ್ದು. ನಾಗಾನುಮಾ ಅವರ ಹಾಡುಗಳು ಅದರಲ್ಲೂ ಇವೆ. ಯಾವುದನ್ನೇ ಆಡಿ, ಕೀಬೋರ್ಡ್‌ನಲ್ಲಿ ಬೇಡ. ಒಳ್ಳೆಯ ಸ್ಟಿಕ್ ಇರುವ ಕಂಟ್ರೋಲರ್ ಇಲ್ಲದಿದ್ದರೆ ಬಣ್ಣ ಹೊಡೆಯುವ ಸುಖವೇ ಸಿಗುವುದಿಲ್ಲ.