ಹಳೇ .22 ಮತ್ತು ಮನೆಯ .315: ನನ್ನ ಕೈ ಹೋಗುವುದು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಈ ಎರಡು ಕೋವಿಗಳಲ್ಲಿ (ನಂಬರ್ ಅಂದರೆ ಇಂಚಿನಲ್ಲಿ ನಳಿಗೆಯ ಅಳತೆ) ನನ್ನ ವೋಟು .22ಕ್ಕೆ. ಕೆಟ್ಟು ಬಂದ ಕೋವಿಯಾದರೂ ಅದಕ್ಕೇ.

ನಮ್ಮ ಮಡಿಕೇರಿ ಕಡೆ ಮನೆಯಲ್ಲಿ ಅಪ್ಪನ .315 ಮೊದಲಿನಿಂದಲೂ ಇದೆ, ಸೆಂಟರ್‌ಫೈರ್, ಅಂದರೆ ಕೋವಿಯ ಪಿನ್ ತೋಟಾದ ತಳದ ನಡುವೆ ಬಡಿಯುವಂಥದ್ದು. ನಾನು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆಂದು ಸೆಕೆಂಡ್ ಹ್ಯಾಂಡ್ ಬ್ರನೋ .22 ಕೊಂಡೆ. ಜೆಕ್ ದೇಶದ್ದು, ರಿಮ್‌ಫೈರ್, ಅಂದರೆ ಪಿನ್ ತಳದ ಅಂಚಿಗೆ ಬಡಿಯುವಂಥದ್ದು.

ಹಳೇ ಕೋವಿ ಈ ಎರಡರಲ್ಲಿ ಯಾವ ಜಾತಿ ಎಂದು ತಿಳಿಯಲು ನಳಿಗೆಯ ಮೇಲಿನ ನಂಬರ್ ಒಂದೇ ಸಾಲದು. .22 ಹಾರ್ನೆಟ್ ಅನ್ನುವ ತೋಟಾ ಕೂಡ .22, ಆದರೆ ಸೆಂಟರ್‌ಫೈರ್. ಬ್ರನೋದವರು ಅದಕ್ಕೂ ಕೋವಿ ಮಾಡಿದ್ದಾರೆ! ಹೊರಗಿನ ರೂಪವನ್ನೂ ನಂಬಬೇಡಿ. ಬ್ರಿಟನ್ನಿನ ಬಿಎಸ್‌ಎ ಕಂಪನಿ ಮಾಡಿದ, ಸೆಂಟರ್‌ಫೈರ್ ಆಗಿದ್ದ .310 ಮಾರ್ಟಿನಿ ಕೆಡೆಟ್ ಕೋವಿಗಳನ್ನು ಆಮೇಲೆ ಎಷ್ಟೋ ಕಡೆ .22ಕ್ಕೆ ಬದಲಿಸಿದ್ದಾರೆ. ಎನ್‌ಸಿಸಿಯಲ್ಲಿ .22 ಹೊಡೆದವರಿಗೆ ಗೊತ್ತು, ಅದರಲ್ಲೊಂದು ನೋಡಲು ಥೇಟ್ .303, ಸೈನ್ಯದ ಹಳೇ ಸೆಂಟರ್‌ಫೈರ್ ಕೋವಿ. ಖಾಲಿ ತೋಟಾದ ತಳ ನೋಡಿ. ನಡುವೆ ಪುಟ್ಟ ಕ್ಯಾಪ್ ಇದ್ದು ಅದರ ಮೇಲೆ ಪೆಟ್ಟು ಬಿದ್ದಿದ್ದರೆ ಸೆಂಟರ್‌ಫೈರ್. ತಳ ನುಣ್ಣಗಿದ್ದು ಅಂಚು ಮಾತ್ರ ತಗ್ಗಿದ್ದರೆ ರಿಮ್‌ಫೈರ್. ತೋಟಾ ಸಿಗದಿದ್ದರೆ ಬೋಲ್ಟ್‌ನ (ತೋಟಾದ ಹಿಂದೆ ಮುಚ್ಚಿಕೊಳ್ಳುವ, ಕೈಯಿಂದ ಎಳೆಯುವ ಭಾಗ) ಮುಖ ನೋಡಿ, ಪಿನ್ ಬರುವುದು ನಡುವಿನಿಂದಲೋ ಅಂಚಿನಿಂದಲೋ ಎಂದು.

ಇನ್ನು ನನ್ನ ಗೋಳು. ತೋಟಾ ಹಾಕುವಾಗಲೇ ಸ್ವಲ್ಪ ಬಿಗಿ ಇತ್ತು. ನನ್ನ ಕೈಯೇ ಹೊಸದು ಅಂದುಕೊಂಡೆ. ಸ್ಪರ್ಧೆಯಲ್ಲಿ ಮೊದಲ ಗುಂಡು ಹೋಯಿತು, ಬೋಲ್ಟ್ ಎಳೆದರೆ ಖಾಲಿ ತೋಟಾ ಅಲ್ಲೇ ಕೂತಿದೆ. ಮತ್ತೆ ಎಳೆದೆ, ಮತ್ತೆ ಜಾರಿತು. ಕೊನೆಗೆ ಮುಂದಿನಿಂದ ಕ್ಲೀನಿಂಗ್ ರಾಡ್ ತೂರಿಸಿ ತಳ್ಳಬೇಕಾಯಿತು. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಲು ಶುರು ಮಾಡಿದ್ದರು.

ರಿಪೇರಿಯವರು ಟಾರ್ಚ್ ಬಿಟ್ಟು ನೋಡಿ ನಕ್ಕರು. ತೋಟಾ ಕೂರುವ ಜಾಗದ ಅಂಚಿನಲ್ಲಿ, ಸರಿಯಾಗಿ ಪಿನ್ ಬಡಿಯುವ ಕಡೆ, ಒಂದು ತಗ್ಗು. ಹಳೇ ಮಾಲೀಕರು ಖಾಲಿ ಕೋವಿಯನ್ನು ಸುಮ್ನೆ ಟಕ್ ಟಕ್ ಅನ್ನಿಸುತ್ತಿದ್ದರಂತೆ. ಸೆಂಟರ್‌ಫೈರ್‌ನಲ್ಲಿ ಖಾಲಿ ಹೊಡೆದರೆ ಪಿನ್ ಖಾಲಿ ಜಾಗಕ್ಕೆ ಹೋಗುತ್ತದೆ. ರಿಮ್‌ಫೈರ್‌ನಲ್ಲಿ ನೇರ ಉಕ್ಕಿಗೇ ಬಡಿಯುತ್ತದೆ. ಅಲ್ಲಿ ಜರುಗಿದ ಲೋಹ ಒಳಗೆ ಚಾಚಿಕೊಂಡು ತೋಟಾವನ್ನು ಹಿಡಿಯುತ್ತದೆ. ಅರ ಹಾಕಿ ಉಜ್ಜಲಿಲ್ಲ, ಚೂಪಾದ ಉಕ್ಕಿನ ಕಡ್ಡಿಯಂಥದ್ದು ತೂರಿಸಿ ಲೋಹವನ್ನು ಹಿಂದಕ್ಕೆ ಒತ್ತಿದರು. ಆಮೇಲೆ ತೊಂದರೆ ಇಲ್ಲ. ಈಗ ನಮ್ಮ ಮನೆಯಲ್ಲಿ ಆ ಕೋವಿಯ ಟ್ರಿಗರ್‌ನಲ್ಲಿ ಯಾರೂ ಆಟವಾಡುವ ಹಾಗಿಲ್ಲ.

ಆಗಾಗ ಒಂದು ತೋಟಾ ಠುಸ್ ಅನ್ನುವುದೂ .22ದ್ದೇ ರೋಗ, ಅಂಚಿನ ಸುತ್ತ ಮದ್ದು ಸಮ ಕೂರದಿದ್ದರೆ ಹಾಗೆ.

ಬಲದಲ್ಲಿ ಹೋಲಿಕೆಯೇ ಇಲ್ಲ. ಪಿನ್ ಜಜ್ಜಬೇಕಾದ್ದರಿಂದ ರಿಮ್‌ಫೈರ್ ತೋಟಾದ ಅಂಚು ತೆಳ್ಳಗಿರಲೇಬೇಕು, ತೆಳ್ಳಗಿದ್ದರೆ ಜಾಸ್ತಿ ಒತ್ತಡ ತಾಳುವುದಿಲ್ಲ. .22ದ ಗುಂಡಿನ ತೂಕ 40 ಗ್ರೇನ್ (ಸುಮಾರು ಎರಡೂವರೆ ಗ್ರಾಂ), .315ದ್ದು 244. ಆದರೆ ಆ ಬಲ ನನಗೆ ಯಾಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಈಗ ಬೇಟೆ ಇಲ್ಲ. .315ದ ಒದೆತಕ್ಕೆ ನನ್ನ ಭುಜ ಎರಡು ದಿನ ನೋಯುತ್ತದೆ, ತೋಟಾದ ರೇಟು ಕೇಳಿದರೆ ಜೇಬೂ ನೋಯುತ್ತದೆ. .22ರಲ್ಲಿ ಬೆಳಿಗ್ಗೆಯಿಡೀ ಅಭ್ಯಾಸ ಮಾಡಬಹುದು.

ಈ ಸಲ ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಎರಡರ ನಳಿಗೆಗೂ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿದೆವು. ಅಕ್ಕಿ ಕಡುಬು ಕಡಂಬುಟ್ಟು ತಿಂದು ಮೈದಾನಕ್ಕೆ ಹೊರಟಾಗ ಅಪ್ಪ .315 ಕಡೆ ಕಣ್ಣು ಮಾಡಿದರು. ನಾನು ಕಾಣದವನ ಹಾಗೆ ಬ್ರನೋ ಹೆಗಲಿಗೇರಿಸಿದೆ.